ಬೆಳ್ಳಗಿನ ಎರಡು ಪೆನ್ಸ್

ಮೊನ್ನೆ ಲಂಡನ್ನಿನ ಕೆಂಟನ್ ರೈಲು ಸ್ಟೇಷನ್ನಿನಲ್ಲಿ, ಗೇಟಿಗೆ ಮುಟ್ಟಿಸಬೇಕಾದ ಫೋನಿಗಾಗಿ ಕೈಚೀಲ ತಡಕುತ್ತ ನಿಂತಿದ್ದೆ. ಹಿಂದೆ ಜನ ಸಾಲುಗಟ್ಟತೊಡಗಿದ್ದರು. ಹೆಂಗಸರ ಕೈಚೀಲದ ಬಗ್ಗೆ ಲೋಕ ಆಡುವ ಮಾತೆಲ್ಲ ನಿಜವೆಂದು ಒಪ್ಪಿಕೊಂಡು ಪಕ್ಕಕ್ಕೆ ಸರಿದು, ಇದ್ದದ್ದನ್ನೆಲ್ಲ ಬೆಂಚಿನ ಮೇಲೆ ಸುರಿದೆ. ಫೋನ್ ಸಿಕ್ಕಿತು. ಅದರ ಜೊತೆಗೆ ಒಂದು ಭೂತಗನ್ನಡಿ, ಬಾಯೊಳಗೆ ಹಿಡಿದು ನೋಡುವ ಪುಟ್ಟ ಕನ್ನಡಿ, ಮೈತುಂಬ ಪೆನ್ನಿ ನಾಣ್ಯಗಳನ್ನು ಅಂಟಿಸಿಕೊಂಡು ಮುಳ್ಳುಹಂದಿಯ ಹಾಗಾಗಿದ್ದ ಒಂದು ಅಯಸ್ಕಾಂತ ಕೂಡ ಹೊರಬಿದ್ದವು. ಗೇಟಿನ ಹತ್ತಿರ ನಿಂತಿದ್ದ ಸಿಬ್ಬಂದಿ ಬಗ್ಗಿ ನೋಡಿ, ತಾವು ಏನು ಕೆಲಸ ಮಾಡುತ್ತೀರಿ ಮೇಡಂ ಎಂದು ವಿನಯದಿಂದ ಕೇಳಿದ. ಹಲ್ಲಿನ ಡಾಕ್ಟರು ಎಂದೆ. ಕನ್ನಡಿ ನೋಡಿ ನಂಬಿದ. ಅಯಸ್ಕಾಂತ ನೋಡಿ ನಂಬಿಕೆಯನ್ನು ಹಿಂದಕ್ಕೆ ತೆಗೆದುಕೊಂಡ.

ಅವನಿಗೆ ವಿವರಿಸಲು ರೈಲು ಬಿಡಲಿಲ್ಲ. ನಿಮಗೆ ಹೇಳುತ್ತೇನೆ, ನಿಮಗೇನೂ ರೈಲಿನ ಆತುರವಿಲ್ಲ ತಾನೆ.

ನನಗೆ ತಪ್ಪು ನಾಣ್ಯಗಳ ಹುಚ್ಚು. ಹಳೆಯ ನಾಣ್ಯ, ರಾಜರ ನಾಣ್ಯ, ಚಿನ್ನದ ನಾಣ್ಯ ಕೂಡಿಡುವ ಗೌರವಸ್ಥರು ಬೇರೆ. ನಾನು ಹುಡುಕುವುದು ಟಂಕಸಾಲೆಯವರು ಕಣ್ಣು ತಪ್ಪಿ ಒಂದು ಲೋಹಕ್ಕೆ ಬದಲು ಇನ್ನೊಂದು ಲೋಹದ ಮೇಲೆ ಅಚ್ಚು ಒತ್ತಿಬಿಟ್ಟ ನಾಣ್ಯಗಳನ್ನು. ಇಲ್ಲಿನ ಒಂದು ಪೆನ್ನಿ, ಎರಡು ಪೆನ್ಸಿನ ನಾಣ್ಯಗಳು ನೋಡಲು ತಾಮ್ರ. ಆದರೆ ತೊಂಬತ್ತರ ದಶಕದಿಂದೀಚೆಗೆ ಒಳಗಿರುವುದು ಉಕ್ಕು, ಮೇಲೆ ಮಾತ್ರ ತಾಮ್ರದ ತೆಳುವಾದ ಹೊದಿಕೆ. ಈಚಿನ ಹತ್ತು ಪೆನ್ಸಿನ ಒಳಗೂ ಉಕ್ಕೇ, ಅದರ ಹೊದಿಕೆ ನಿಕ್ಕಲ್ಲಿನದು. ನನ್ನ ಕಣ್ಣಿಗೆ ಇವೆಲ್ಲ ಕ್ಯಾಪ್ ಹಾಕಿಸಿಕೊಂಡ ಹಲ್ಲುಗಳು. ಯಾರ ಕ್ಯಾಪ್ ಯಾರ ಹಲ್ಲಿಗೆ ಹೋಗಿದೆ ಎಂದು ಪತ್ತೆ ಹಚ್ಚುವುದೇ ಆಟ.

ಆಟಕ್ಕೆ ಚಿಲ್ಲರೆ ಬೇಕು. ಲಂಡನ್ನಿನಲ್ಲಿ ಈಗ ಚಿಲ್ಲರೆ ಕಂಡವರಿಲ್ಲ, ಎಲ್ಲರೂ ಫೋನು ಮುಟ್ಟಿಸಿ ಹೊರಟುಬಿಡುತ್ತಾರೆ. ನಾನೊಬ್ಬಳು ಕಾಫಿಗೂ ನೋಟು ಚಾಚುತ್ತೇನೆ. ನನ್ನ ಮಗಳು ಮೇಘಾ ಅಂಥ ಹೊತ್ತಿನಲ್ಲಿ ಎರಡು ಹೆಜ್ಜೆ ಹಿಂದೆ ಸರಿದು, ಈ ಹೆಂಗಸು ಯಾರೋ ಎನ್ನುವಂತೆ ಗೋಡೆ ನೋಡುತ್ತಾಳೆ. ನಾನು ಕನ್ನಡದಲ್ಲಿ ಕರೆದರೆ ಅವಳು ಇಂಗ್ಲಿಷಿನಲ್ಲಿ, "ಮಮ್ಮಿ, ಪ್ಲೀಸ್, ನಾಟ್ ಹಿಯರ್" ಎನ್ನುತ್ತಾಳೆ.

ಈ ಹುಚ್ಚು ಎಲ್ಲಿ ಹತ್ತಿತು ಎಂದು ಯೋಚಿಸಿದರೆ ದಾವಣಗೆರೆಯ ನಮ್ಮಜ್ಜಿಯ ದೇವರ ಮನೆಗೆ ಹೋಗಿ ನಿಲ್ಲುತ್ತೇನೆ. ತಾವರೆಯ ಚಿತ್ರವಿದ್ದ ಹಳದಿ ಬಣ್ಣದ ಇಪ್ಪತ್ತು ಪೈಸೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಅದರಲ್ಲಿ ಚಿನ್ನ ಸೇರಿದೆ ಎಂದು ಊರೆಲ್ಲ ಗುಲ್ಲೆದ್ದಿತ್ತಂತೆ. ಜನ ಅದನ್ನು ಕರಗಿಸಿ ಉಂಗುರ ಮಾಡಿಸಿಕೊಂಡರು, ಲಕ್ಷ್ಮೀಪೂಜೆಗೆ ಇಟ್ಟರು. ಅಜ್ಜಿಯ ಬಳಿಯೂ ಒಂದು ಬೊಗಸೆಯಷ್ಟು ಇದ್ದವು. ಹಬ್ಬದ ದಿನ ಅವಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಕೆಲಸ ನನ್ನದು. ಒಂದು ಸಲ ನಾನು ಒಂದನ್ನು ಲಂಗದ ಮಡಿಲಲ್ಲಿ ಕಟ್ಟಿಕೊಂಡು ಓಣಿಯ ತುದಿಯ ಅಕ್ಕಸಾಲಿಗರ ಹತ್ತಿರ ಓಡಿದೆ. ಅವರು ಒರೆಗಲ್ಲಿಗೆ ಉಜ್ಜಿ, ಹಿತ್ತಾಳೆಯ ಜಾತಿಯದು ಕಣವ್ವ, ಚಿನ್ನ ಗಿನ್ನ ಏನಿಲ್ಲ ಎಂದರು. ಜಗತ್ತಿನ ದೊಡ್ಡ ಸತ್ಯವೊಂದು ನನ್ನ ಕೈಗೆ ಸಿಕ್ಕಿತ್ತು. ಏದುಸಿರು ಬಿಡುತ್ತ ಬಂದು ಅಜ್ಜಿಗೆ ಹೇಳಿದರೆ ಆಕೆ ಹೂ ಕಟ್ಟುವುದನ್ನು ನಿಲ್ಲಿಸಲೂ ಇಲ್ಲ. "ಆಗ್ಲಿ ಬಿಡು. ಲಕ್ಷ್ಮಿಗೇನು ಗೊತ್ತಿಲ್ವಲ್ಲ. ನೀನೂ ಹೇಳಕ್ಕೆ ಹೋಗ್ಬೇಡ" ಎಂದಳು.

ನಾನು ಲಕ್ಷ್ಮಿಗೆ ಹೇಳಲಿಲ್ಲ. ಆದರೆ ಆ ಒರೆಗಲ್ಲಿನ ಮೇಲಿನ ಗೀರು ತಲೆಯಲ್ಲಿ ಉಳಿಯಿತು.

ಇರಲಿ, ಲಂಡನ್ನಿಗೆ ಬರೋಣ. ಅಕ್ಸ್‌ಬ್ರಿಡ್ಜಿನಲ್ಲಿ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಸೇರುವ ಒಂದು ಸಣ್ಣ ನಾಣ್ಯಕೂಟವಿದೆ. ನಾನು ಅದರ ಸದಸ್ಯೆ. ಉಳಿದವರೆಲ್ಲ ಗಂಡಸರು, ಹೆಚ್ಚಿನವರು ನಿವೃತ್ತರು. ನಾನು ಒಯ್ಯುವ ನಾಣ್ಯಗಳಿಗಿಂತ ನಾನು ಒಯ್ಯುವ ಚಕ್ಕುಲಿಗೆ ಅಲ್ಲಿ ಹೆಚ್ಚು ಮರ್ಯಾದೆ ಇತ್ತು. ಅದಕ್ಕೆ ಕಾರಣವೂ ನಾನೇ. ಒಮ್ಮೆ, ಬೆಳ್ಳಗಿರಬೇಕಾದದ್ದು ಕಂದು ಬಣ್ಣಕ್ಕಿದ್ದ ಇಪ್ಪತ್ತು ಪೆನ್ಸ್ ಹಿಡಿದುಕೊಂಡು, ಇದು ತಾಮ್ರದ್ದು ಎಂದು ಘೋಷಿಸಿದ್ದೆ. ಕೂಟದ ಅಧ್ಯಕ್ಷರಾದ ರೇಮಂಡರು ಅದನ್ನು ಮೂಸಿ ನೋಡಿ, ಯಾರದೋ ಹಿತ್ತಲಿನ ಬೆಂಕಿಯಲ್ಲಿ ಬಿದ್ದು ಎದ್ದದ್ದು ಎಂದರು. ಇನ್ನೊಮ್ಮೆ ನಡುವಿನ ಬಿಳಿ ಭಾಗವೂ ಹಳದಿಯಾಗಿದ್ದ ಎರಡು ಪೌಂಡಿನ ನಾಣ್ಯ ಒಯ್ದೆ. ಅವರು ಹತ್ತಿಗೆ ಏನೋ ದ್ರಾವಣ ಹಚ್ಚಿ ಒರೆಸಿದರು, ಹಳದಿ ಕಿತ್ತು ಬಂತು. ಅದು ಉಗುರಿನ ಬಣ್ಣ. ಆ ಕೋಣೆಯಲ್ಲಿ ಉಗುರಿಗೆ ಬಣ್ಣ ಹಚ್ಚಿಕೊಂಡವಳು ನಾನೊಬ್ಬಳೇ ಇದ್ದೆ. ಯಾರೂ ಜೋರಾಗಿ ನಗಲಿಲ್ಲ, ಇಂಗ್ಲಿಷರು ನೋಡಿ. ಎಲ್ಲರೂ ಒಟ್ಟಿಗೆ ಚಕ್ಕುಲಿಗೆ ಕೈಹಾಕಿದರು.

ಹೀಗೆ ಮಾನ ಕಳೆದುಕೊಂಡಿದ್ದ ಕಾಲದಲ್ಲಿ ಒಂದು ಭಾನುವಾರ ನಾವು ದಕ್ಷಿಣ ಲಂಡನ್ನಿನ ಟೂಟಿಂಗಿಗೆ ದೋಸೆ ತಿನ್ನಲು ಹೋದೆವು. ದಾವಣಗೆರೆಯವಳಿಗೆ ಬೇರೆ ಊರಿನ ದೋಸೆಯ ಬಗ್ಗೆ ಒಳ್ಳೆಯ ಮಾತಾಡಲು ಮನಸ್ಸು ಬರುವುದಿಲ್ಲ, ಆದರೂ ಅಲ್ಲಿನದು ಗರಿಯಾಗಿತ್ತು ಎಂದು ಒಪ್ಪುತ್ತೇನೆ. ನೋಟು ಕೊಟ್ಟೆ, ಪುಟ್ಟ ತಟ್ಟೆಯಲ್ಲಿ ಸೋಂಪಿನ ಜೊತೆ ಚಿಲ್ಲರೆ ಬಂತು. ಸೋಂಪು ನನ್ನ ಗಂಡನ ಪಾಲು, ಚಿಲ್ಲರೆ ನನ್ನ ಪಾಲು. ಹತ್ತು ಪೆನ್ಸಿನ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾಗ ಒಂದು ಮಾತ್ರ ಸುತ್ತಲೂ ತುಸು ಹೊರಚಾಚಿ ಕೂತಿತು. ತಿರುಗಿಸಿ ನೋಡಿದೆ. ಹತ್ತು ಪೆನ್ಸಿನಷ್ಟೇ ಬೆಳ್ಳಗೆ ಹೊಳೆಯುತ್ತಿದ್ದ ಅದರ ಮೇಲೆ ಎರಡು ಪೆನ್ಸ್ ಎಂದು ಬರೆದಿತ್ತು.

ಎರಡು ಪೆನ್ಸ್ ಬೆಳ್ಳಗಿರಲು ಸಾಧ್ಯವೇ ಇಲ್ಲ. ಟಂಕಸಾಲೆಯಲ್ಲಿ ಹತ್ತು ಪೆನ್ಸಿಗೆಂದು ಇಟ್ಟಿದ್ದ ನಿಕ್ಕಲ್ ಹೊದಿಕೆಯ ಖಾಲಿ ಬಿಲ್ಲೆಯೊಂದು ದಾರಿ ತಪ್ಪಿ ಎರಡು ಪೆನ್ಸಿನ ಅಚ್ಚಿನ ಕೆಳಗೆ ಹೋಗಿದ್ದರೆ ಮಾತ್ರ ಸಾಧ್ಯ. ಇಲ್ಲವೇ ಯಾರೋ ತಮಾಷೆಗೆ ಬಿಳಿ ಲೇಪ ಹಚ್ಚಿರಬೇಕು, ಶಾಲೆಯ ಮಕ್ಕಳೂ ಲ್ಯಾಬಿನಲ್ಲಿ ಅದನ್ನು ಮಾಡುತ್ತಾರೆ. ನನ್ನ ಗಂಡ ಅರವಿಂದ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು, ಧಾರವಾಡದವರು. ಮೂವತ್ತು ವರ್ಷ ಇಲ್ಲಿದ್ದರೂ ಅವರ ನಾಲಗೆ ಧಾರವಾಡ ಬಿಟ್ಟು ಬಂದಿಲ್ಲ. ನಾಣ್ಯವನ್ನು ನೋಡಿ ಅವರು ಸೋಂಪು ಅಗಿಯುತ್ತಲೇ ಅಂದರು:

"ಯಾರೋ ಬಣ್ಣಾ ಹಚ್ಚ್ಯಾರ ತಗೋ. ಈ ಸಲಾನೂ ಉಗುರಿನ ಬಣ್ಣಾ ಹೌದೋ ಅಲ್ಲೋ, ಮೊದ್ಲ ಮೂಸಿ ನೋಡು."

ಮೂಸಿ ನೋಡಿದೆ. ಸೋಂಪಿನ ವಾಸನೆ ಬಂತು.

ಮನೆಗೆ ಬಂದವಳೇ ಅಯಸ್ಕಾಂತ ಹಿಡಿದೆ. ಅಂಟಿಕೊಂಡಿತು. ಅದರಿಂದ ಏನೂ ತಿಳಿಯುವಂತಿರಲಿಲ್ಲ, ತಾಮ್ರದ ಹೊದಿಕೆಯದಾದರೂ ನಿಕ್ಕಲ್ಲಿನದಾದರೂ ಒಳಗಿರುವುದು ಉಕ್ಕೇ. ಮರುದಿನ ಕ್ಲಿನಿಕ್ಕಿನಲ್ಲಿ ಮೊದಲ ರೋಗಿ ಬರುವ ಮುಂಚೆ, ಹಲ್ಲಿಗೆ ತುಂಬುವ ಮಿಶ್ರಲೋಹ ತೂಗುವ ತಕ್ಕಡಿಯಲ್ಲಿ ಇಟ್ಟೆ. ಸರಿಯಾದ ಎರಡು ಪೆನ್ಸ್ ಏಳು ಗ್ರಾಂಗಿಂತ ಕೊಂಚ ಹೆಚ್ಚು ತೂಗುತ್ತದೆ. ಹತ್ತು ಪೆನ್ಸ್ ಆರೂವರೆ ಗ್ರಾಂ. ತಕ್ಕಡಿ ಆರೂವರೆ ತೋರಿಸಿತು. ಲೇಪ ಹಚ್ಚಿದ್ದರೆ ತೂಕ ಏರಬೇಕೇ ಹೊರತು ಇಳಿಯಬಾರದು. ಆ ಬೆಳಿಗ್ಗೆ ಬಂದ ಮುದುಕರೊಬ್ಬರಿಗೆ ನಾನು ಎಷ್ಟು ಹಸನ್ಮುಖಿಯಾಗಿ ಕಂಡಿದ್ದೆನೆಂದರೆ, ತಮ್ಮ ಹಲ್ಲಿನ ಸ್ಥಿತಿ ಅಷ್ಟೊಂದು ಚೆನ್ನಾಗಿದೆಯೇ ಎಂದು ಅವರೇ ಕೇಳಿದರು. ಮೂರು ಕೀಳಬೇಕಾಗಿತ್ತು, ಅದನ್ನೂ ನಗುನಗುತ್ತಲೇ ಹೇಳಿದೆ.

ಮುಂದಿನ ಶನಿವಾರ ಕೂಟಕ್ಕೆ ಹೋದೆ. ಚಕ್ಕುಲಿ ಒಯ್ಯಲಿಲ್ಲ, ಈ ಸಲ ಅವರ ಗಮನ ಬೇರೆಡೆ ಹೋಗಬಾರದೆಂದು. ರೇಮಂಡರ ಬಗ್ಗೆ ಎರಡು ಮಾತು ಹೇಳಬೇಕು. ಕೌನ್ಸಿಲ್ಲಿನಲ್ಲಿ ಸರ್ವೇಯರ್ ಆಗಿ ನಿವೃತ್ತರಾದ, ಎತ್ತರದ, ದೊಡ್ಡ ದನಿಯ ಮನುಷ್ಯ. ಕೂಟದ ಗಾಜಿನ ಪೆಟ್ಟಿಗೆಯ ನಡುಮಧ್ಯೆ ಅವರದೇ ಒಂದು ಬೆಳ್ಳಗಿನ ಪೆನ್ನಿ ವರ್ಷಗಳಿಂದ ಕೂತಿತ್ತು. ಐದು ಪೆನ್ಸಿನ ಬಿಲ್ಲೆಯ ಮೇಲೆ ತಪ್ಪಾಗಿ ಒತ್ತಿದ ಪೆನ್ನಿ ಎಂದು ಅದರ ಕೆಳಗೆ ಬರೆದಿತ್ತು. ಸದಸ್ಯರು ಹೊಸಬರನ್ನು ಕರೆದುಕೊಂಡು ಬಂದರೆ ಮೊದಲು ತೋರಿಸುತ್ತಿದ್ದದ್ದು ಅದನ್ನೇ.

ನನ್ನ ನಾಣ್ಯವನ್ನು ಅವರು ಬೆಳಕಿಗೆ ಹಿಡಿದರು, ತೂಕದ ಮಾತು ಕೇಳಿದರು, ಒಪ್ಪಲಿಲ್ಲ. ತೂಕ ಇಳಿದದ್ದಕ್ಕೆ ಅವರ ಬಳಿ ಬೇರೆ ಕಾರಣವಿತ್ತು. ಯಾರೋ ಆಸಿಡ್ಡಿನಲ್ಲಿ ಅದ್ದಿ ತಾಮ್ರವನ್ನು ಕರಗಿಸಿದ್ದಾರೆ, ಈಗ ಕಾಣುತ್ತಿರುವುದು ಒಳಗಿನ ಬರಿಯ ಉಕ್ಕು, ಅಷ್ಟೇ ಎಂದರು. ನಿಜವಾದ ತಪ್ಪು ನಾಣ್ಯ ಹೇಗಿರುತ್ತದೆ ಗೊತ್ತೇ ಎಂದು ನನ್ನನ್ನು ಗಾಜಿನ ಪೆಟ್ಟಿಗೆಯ ಹತ್ತಿರ ಕರೆದೊಯ್ದು ತಮ್ಮ ಪೆನ್ನಿಯನ್ನು ತೋರಿಸಿದರು. ಆಮೇಲೆ ಬಹಳ ಮೆದುವಾಗಿ, ಬೇಸರ ಬೇಡ ಡಾಕ್ಟರ್, ಲೋಹ ತೇಯುವ ಅರವೊಂದನ್ನು ಕೊಡುತ್ತೇನೆ, ಅಂಚಿನಲ್ಲಿ ಸ್ವಲ್ಪ ಉಜ್ಜಿ ನೋಡಿದರೆ ಈಗಲೇ ತೀರ್ಮಾನವಾಗುತ್ತದೆ ಎಂದರು. ಅವರು ಡ್ರಾಯರಿನಿಂದ ಅರವನ್ನು ತೆಗೆದೂ ಬಿಟ್ಟರು.

ನಾಣ್ಯವನ್ನು ಅವರ ಬೆರಳುಗಳ ನಡುವಿನಿಂದ ಬಿಡಿಸಿಕೊಂಡೆ. ಉಜ್ಜಿದರೆ ನಿಜ ತಿಳಿದೀತು, ಆದರೆ ನಿಜವಾಗಿದ್ದರೆ ಹಾಳಾದೀತು. ಆಗ ನನ್ನ ಬಾಯಿಂದ ಬಂದ ಮಾತಿಗೆ ನಾನೇ ಬೆರಗಾದೆ. "ನೋಡಿ ರೇಮಂಡ್, ಹಲ್ಲು ಎಲ್ಲಿ ಕೆಟ್ಟಿದೆ ಅಂತ ತಿಳಿಯೋಕೆ ನಾನು ಹಲ್ಲು ಕೀಳಲ್ಲ. ಇದನ್ನೂ ಗೀರದೇ ಹೇಳ್ತೀನಿ. ಪ್ರದರ್ಶನದ ದಿನ ಬರ್ತೀನಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಕೋಟು ತೊಟ್ಟುಕೊಂಡೆ. ಕೂಟದ ವಾರ್ಷಿಕ ಪ್ರದರ್ಶನ ಮುಂದಿನ ತಿಂಗಳೇ ಇತ್ತು. ಬಸ್ಸಿನಲ್ಲಿ ಕೂತ ಮೇಲೆ ಆಡಿದ ಮಾತಿನ ಭಾರ ತಿಳಿಯಿತು. ಮೂರನೆಯ ಸಲವೂ ನಗೆಪಾಟಲಾದರೆ ಆ ಕೋಣೆಗೆ ಮತ್ತೆ ಹೋಗುವ ಮುಖ ನನಗಿರಲಿಲ್ಲ, ಮತ್ತು ನಿಜ ಹೇಳಬೇಕೆಂದರೆ ಆ ಕೋಣೆಯ ಬಿಸಿ ಚಹಾ, ಧೂಳಿನ ವಾಸನೆ, ವಾದಿಸುವ ಮುದುಕರು ನನಗೆ ಬಹಳ ಬೇಕಾಗಿದ್ದರು.

ಗಂಡನಿಗೆ ಎಲ್ಲ ಹೇಳಿದೆ. ಅವರು ಚೇಷ್ಟೆ ಮಾಡುತ್ತಾರೆಂದುಕೊಂಡಿದ್ದೆ. ಆದರೆ ಅರದ ಮಾತು ಬಂದಾಗ ಪತ್ರಿಕೆ ಕೆಳಗಿಟ್ಟರು.

"ಅಲ್ಲ, ಪೇಶಂಟ್ ಇನ್ನೂ ಜೀವಂತ ಇರಬೇಕಾದ್ರನ ಪೋಸ್ಟ್‌ಮಾರ್ಟಂ ಮಾಡ್ತೇನಂದ್ರ ಹೆಂಗ? ನೀ ಕೊಡಲಿಲ್ಲ, ಚಲೋ ಮಾಡಿದಿ. ಈಗ ಸಿಂಪ್ಟಮ್ ನೋಡು. ಆಸಿಡ್ ಕುಡದಾಂವಗ ಏನೇನ್ ಆಗಬೇಕು, ಇದಕ್ಕ ಅದು ಆಗೇದೇನು?"

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವರು ನನ್ನ ಚಿಲ್ಲರೆಯ ಬಗ್ಗೆ ಆಡಿದ ಮೊದಲ ಗಂಭೀರ ಮಾತು ಅದು. ಸರಿಯಾದ ಮಾತೂ ಹೌದು.

ಮರುದಿನ ಮಧ್ಯಾಹ್ನ ಕ್ಲಿನಿಕ್ಕಿನ ಕುರ್ಚಿಯ ತಲೆದಿಂಬಿನ ಮೇಲೆ ಬಿಳಿ ಬಟ್ಟೆ ಹಾಸಿ ನಾಣ್ಯವನ್ನು ಮಲಗಿಸಿದೆ. ಹಲ್ಲಿನ ಬೇರು ನೋಡುವಾಗ ಹಾಕುವ ದಪ್ಪ ಮಸೂರಗಳ ಕನ್ನಡಕ ತೊಟ್ಟು, ದೀಪವನ್ನು ಇಳಿಸಿ ಬಗ್ಗಿದೆ. ಆಸಿಡ್ಡು ಯಾರಿಗೂ ಮುಖ ನೋಡಿ ಮಣೆ ಹಾಕುವುದಿಲ್ಲ, ಎಲ್ಲ ಕಡೆಯೂ ಒಂದೇ ಸಮ ತಿನ್ನುತ್ತದೆ. ತಂಪು ಪಾನೀಯ ಕುಡಿಯುವ ಮಕ್ಕಳ ಹಲ್ಲಿನಲ್ಲಿ ದಿನಾ ನೋಡುತ್ತೇನಲ್ಲ, ಮೂಲೆಗಳೆಲ್ಲ ಮೊಂಡಾಗಿ ಮೈ ಮಂಕಾಗಿರುತ್ತದೆ. ಇಲ್ಲಿ ಹಾಗಿರಲಿಲ್ಲ. ನಾಣ್ಯದ ಮೇಲಿನ ರಾಣಿಯ ಕೂದಲಿನ ಎಳೆ ಎಳೆಯೂ ಚೂಪಾಗಿತ್ತು. ನಡುವಿನ ಚಿತ್ರದ ಗೆರೆಗಳು ಈಗ ತಾನೇ ಕೊರೆದ ಹಾಗಿದ್ದವು. ಸೊರಗಿದ್ದದ್ದು ಅಂಚು ಮಾತ್ರ. ಅಂಚಿನ ಏಣು ಒಂದು ಕಡೆ ಪೂರ್ತಿ ಎದ್ದಿರಲೇ ಇಲ್ಲ, ಅದರ ಹತ್ತಿರದ ಅಕ್ಷರಗಳ ಪಾದಗಳು ತೆಳುವಾಗಿ ಮಾಯವಾಗಿದ್ದವು. ಸರಿಯಾದ ಎರಡು ಪೆನ್ಸಿನ ಮೇಲೆ ಇಟ್ಟರೆ ಕೂದಲೆಳೆಯಷ್ಟು ಚಿಕ್ಕದಾಗಿತ್ತು.

ಉತ್ತರ ಅಲ್ಲೇ ಇತ್ತು. ಹತ್ತು ಪೆನ್ಸಿನ ಬಿಲ್ಲೆ ಎರಡು ಪೆನ್ಸಿನದಕ್ಕಿಂತ ಚಿಕ್ಕದು. ಅಚ್ಚು ಒತ್ತಿದಾಗ ಲೋಹ ನಡುವಿನಿಂದ ಹೊರಕ್ಕೆ ಹರಡಿದೆ, ಅಂಚು ಮುಟ್ಟುವ ಮೊದಲೇ ಲೋಹ ಮುಗಿದುಹೋಗಿದೆ. ಚಿಕ್ಕ ಉಂಡೆ ಹಿಟ್ಟಿನಲ್ಲಿ ದೊಡ್ಡ ಹೋಳಿಗೆ ತಟ್ಟಲು ಹೋದರೆ ಅಂಚು ಹರಿಯುವುದಿಲ್ಲವೇ, ಹಾಗೆ. ಇದನ್ನು ಯಾವ ಆಸಿಡ್ಡೂ ಮಾಡಲಾರದು, ಯಾವ ಲೇಪವೂ ಮಾಡಲಾರದು.

ಇನ್ನು ಉಳಿದದ್ದು ಒಂದೇ. ಮೈಮೇಲೆ ಇರುವುದು ಬರಿಯ ಉಕ್ಕೋ ನಿಕ್ಕಲ್ಲೋ. ಕೆಂಟನ್ ರಸ್ತೆಯಲ್ಲಿ ದಿನೇಶಭಾಯಿಯವರ ಒಡವೆ ಅಂಗಡಿ ಇದೆ. ಅವರ ಪತ್ನಿಯ ಹಲ್ಲು ಕಟ್ಟಿಕೊಟ್ಟವಳು ನಾನೇ. ಹಳೆಯ ಬಳೆ ಮಾರಲು ಬಂದವರ ಚಿನ್ನವನ್ನು ಗೀರದೆ, ಕರಗಿಸದೆ ಪರೀಕ್ಷಿಸುವ ಎಕ್ಸ್‌ರೇ ಯಂತ್ರವೊಂದು ಅವರಲ್ಲಿದೆ, ನೋಡಲು ಮೈಕ್ರೋವೇವ್ ಒಲೆಯ ಹಾಗೆ. ನಾಣ್ಯವನ್ನು ಒಳಗಿಟ್ಟು ಮುಚ್ಚಳ ಹಾಕಿದರು. ಪರದೆಯ ಮೇಲೆ ಸಾಲುಗಳು ಮೂಡಿದವು. ಅವರ ಮುಖ ಸಪ್ಪಗಾಯಿತು.

"ಇದರಲ್ಲಿ ಚಿನ್ನ ಏನೂ ಇಲ್ಲ ಬೆಹೆನ್‌ಜೀ" ಎಂದರು ಹಿಂದಿಯಲ್ಲಿ, ಕೆಟ್ಟ ಸುದ್ದಿ ಹೇಳುವ ದನಿಯಲ್ಲಿ.

"ತಾಮ್ರ ಎಷ್ಟಿದೆ ಹೇಳಿ" ಎಂದೆ.

ಅಂಗಡಿಯಲ್ಲಿ ಆ ಪ್ರಶ್ನೆ ಕೇಳಿದವರು ಬಹುಶಃ ಯಾರೂ ಇರಲಿಲ್ಲ. ಅವರು ಕನ್ನಡಕ ಏರಿಸಿ ಮತ್ತೆ ನೋಡಿದರು. ತಾಮ್ರವೂ ಇಲ್ಲ, ಬರೀ ನಿಕ್ಕಲ್, ಅದರ ಹಿಂದೆ ಕಬ್ಬಿಣ ಎಂದರು. ನಾನು ಕೌಂಟರಿನ ಮೇಲೆ ಎರಡೂ ಕೈ ಊರಿ ಜೋರಾಗಿ ನಕ್ಕೆ. ಬಳೆ ಮಾರಲು ಬಂದಿದ್ದ ಹೆಂಗಸೊಬ್ಬರು ತಮ್ಮ ಬಳೆಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ದಿನೇಶಭಾಯಿ ಮಾತ್ರ, ಚಿನ್ನವಿಲ್ಲ ಎಂದು ಕೇಳಿ ಇಷ್ಟು ಸಂತೋಷಪಟ್ಟ ಗಿರಾಕಿಯನ್ನು ಈ ಅಂಗಡಿ ಕಂಡಿಲ್ಲ ಎಂದು ನನಗೆ ಚಹಾ ತರಿಸಿದರು.

ಪ್ರದರ್ಶನದ ದಿನ ಅರವಿಂದ ತಾವಾಗಿಯೇ ಕಾರು ತೆಗೆದರು. ಮೇಘಾ ಕೂಡ ಬಂದಳು. ಅವಳ ಕಾಲೇಜು ಅಕ್ಸ್‌ಬ್ರಿಡ್ಜಿನಲ್ಲೇ ಇದೆ, ಗೆಳತಿಯರು ಯಾರಾದರೂ ನೋಡಿಯಾರು ಎಂಬ ಭಯವನ್ನು ನುಂಗಿಕೊಂಡು ಬಂದಳು. ಕೋಣೆ ತುಂಬಿತ್ತು. ನಾನು ತಕ್ಕಡಿ, ಮಸೂರ, ಪಕ್ಕಪಕ್ಕದಲ್ಲಿ ಇಡಲು ಮಾಮೂಲಿ ನಾಣ್ಯಗಳು ಎಲ್ಲ ಒಯ್ದಿದ್ದೆ. ಮೊದಲು ತೂಕ ತೋರಿಸಿದೆ. ಆಮೇಲೆ ಅಂಚು. ಹೋಳಿಗೆಗೆ ಇಂಗ್ಲಿಷಿನಲ್ಲಿ ಏನು ಹೇಳುವುದು ತಿಳಿಯದೆ ಪೇಸ್ಟ್ರಿ ಎಂದೆ, ಎಲ್ಲರಿಗೂ ಅರ್ಥವಾಯಿತು. ಕೊನೆಗೆ ಫೋನಿನಲ್ಲಿ ಹಿಡಿದುಕೊಂಡು ಬಂದಿದ್ದ ದಿನೇಶಭಾಯಿಯ ಪರದೆಯ ಚಿತ್ರ. ಅಂಚಿನ ಮಾತು ಬರುವ ಹೊತ್ತಿಗೆ ನಾನು ಕ್ಲಿನಿಕ್ಕಿನಲ್ಲಿ ರೋಗಿಗೆ ವಿವರಿಸುವ ದನಿಗೆ ಬಂದಿದ್ದೆ.

ರೇಮಂಡರು ಮಸೂರ ತೆಗೆದುಕೊಂಡು ಬಹಳ ಹೊತ್ತು ಬಗ್ಗಿದರು. ನಾಣ್ಯವನ್ನು ಸುತ್ತಲೂ ತಿರುಗಿಸಿದರು. ತಲೆಯೆತ್ತಿದಾಗ ಅವರು ನನ್ನನ್ನು ನೋಡಲಿಲ್ಲ, ನೇರ ಗಾಜಿನ ಪೆಟ್ಟಿಗೆಯ ಹತ್ತಿರ ಹೋಗಿ ಕೀಲಿ ತೆಗೆದರು. ತಮ್ಮ ಬೆಳ್ಳಗಿನ ಪೆನ್ನಿಯನ್ನು ಹೊರತೆಗೆದು ತಂದು, ನನ್ನ ತಕ್ಕಡಿಯ ಮೇಲೆ ಇಟ್ಟರು. ಐದು ಪೆನ್ಸಿನ ಬಿಲ್ಲೆಯಾಗಿದ್ದರೆ ಅದು ಮಾಮೂಲಿ ಪೆನ್ನಿಗಿಂತ ಹಗುರವಿರಬೇಕು. ಪಕ್ಕದಲ್ಲಿದ್ದವರ ಜೇಬಿನಿಂದ ಮಾಮೂಲಿ ಪೆನ್ನಿಯೊಂದನ್ನು ತೆಗೆದುಕೊಂಡು ಅದನ್ನೂ ತೂಗಿದರು. ಅವರದೇ ತುಸು ಹೆಚ್ಚು ತೂಗಿತು. ಅಂಚು ಸುತ್ತಲೂ ಪೂರ್ತಿಯಾಗಿ, ದುಂಡಗೆ ಎದ್ದಿತ್ತು. ನನಗೆ ಅದು ಕಂಡಿತು. ಅವರಿಗೂ ಕಂಡಿತು.

ಅವರು ತಮ್ಮ ಪೆನ್ನಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಮುಖ ಒಂದು ಗಳಿಗೆ ಕೆಂಪಾಗಿ, ಆಮೇಲೆ ಸಡಿಲವಾಯಿತು, ಬಹಳ ದಿನದಿಂದ ನೋಯುತ್ತಿದ್ದ ಹಲ್ಲು ಹೊರಬಂದ ಮೇಲೆ ಜನರ ಮುಖ ಆಗುವ ಹಾಗೆ. ನಂತರ ಆ ದೊಡ್ಡ ದನಿಯನ್ನು ಕೋಣೆಯ ಕೊನೆಯವರೆಗೂ ಕೇಳುವಂತೆ ಎತ್ತಿದರು.

"ಮಹನೀಯರೇ, ನನ್ನದು ಲೇಪ ಹಚ್ಚಿದ್ದು. ಡಾಕ್ಟರದು ಅಸಲಿ. ನಡುಮಧ್ಯದ ಜಾಗ ಖಾಲಿಯಾಗಿದೆ, ಅವರೇ ಬಂದು ಇಡಲಿ."

ಚಪ್ಪಾಳೆ ಬಿತ್ತು. ಚಹಾದ ಲೋಟ ಹಿಡಿದವರು ಲೋಟಕ್ಕೆ ಚಮಚ ಬಡಿದರು. ಹಿಂದಿನ ಸಾಲಿನಲ್ಲಿ ಅರವಿಂದ ಎದ್ದು ನಿಂತಿದ್ದರು, ಪಕ್ಕದ ಅಪರಿಚಿತ ಮುದುಕರಿಗೆ ಅಚ್ಚ ಧಾರವಾಡದ ಕನ್ನಡದಲ್ಲಿ, "ನಮ್ಮಾಕಿ ಅದಾಳ್ರೀ ಅಕಿ" ಎನ್ನುತ್ತಿದ್ದದ್ದು ನನಗೆ ಮುಂದಿನವರೆಗೂ ಕೇಳಿಸಿತು. ಆ ಮುದುಕರು ಎಲ್ಲ ತಿಳಿದವರಂತೆ ತಲೆಯಾಡಿಸುತ್ತಿದ್ದರು. ನಾನು ನಾಣ್ಯವನ್ನು ಅಂಚು ಹಿಡಿದು ಎತ್ತಿಕೊಂಡೆ. ಪೆಟ್ಟಿಗೆಯ ಕಡೆಗೆ ನಡೆಯುವಾಗ ಮೇಘಾ ಜನರ ನಡುವೆ ನುಗ್ಗಿ ನನ್ನ ಮುಂದೆ ಬಂದು ಫೋನೆತ್ತಿ ಹಿಡಿದಳು.

"ಅಮ್ಮ, ನಿಧಾನವಾಗಿ ಇಡು" ಎಂದಳು, ಕನ್ನಡದಲ್ಲಿ. "ಎಲ್ಲರಿಗೂ ಕಾಣಲಿ."

ನಾನು ನಿಧಾನವಾಗಿಯೇ ಇಟ್ಟೆ.